ದುಡಿ ಕಲಿಸಲು ಹೋಗಿ...

‘ಅಣ್ಣಾ, ಇದರ ಟ್ರ್ಯಾಕ್ ಯೂಟ್ಯೂಬಲ್ಲಿ ಸಿಗುತ್ತಾ?’

ಅಜ್ಜನ ದುಡಿಯನ್ನು ತಿರುಗಿಸಿ ನೋಡುತ್ತಾ ಏಳನೇ ಕ್ಲಾಸಿನ ಹುಡುಗಿ ಕೇಳಿದಳು. ‘ಇಲ್ಲಮ್ಮಾ, ನಾವೇ ಹಾಡ್ಬೇಕು’ ಎಂದೆ. ಹೇಳುವಾಗಲೇ ಎದೆ ಢವಢವ. ಯಾಕೆಂದರೆ ಹಾಡು ನನಗೇ ಪೂರ್ತಿ ಬರುತ್ತಿರಲಿಲ್ಲ!

ಮೈಸೂರಿನಲ್ಲಿ ಬಿ.ಇ. ಓದುತ್ತಿರುವ ನಾನು ಸೆಮಿಸ್ಟರ್ ರಜೆಗೆ ಕೊಡಗಿನ ಮನೆಗೆ ಬಂದಿದ್ದೆ. ನಾನು ಕಲಿತ ಶಾಲೆಯ ಟೀಚರ್ ಸಿಕ್ಕಿ, ‘ವಾರ್ಷಿಕೋತ್ಸವಕ್ಕೆ ಬರೀ ಸಿನಿಮಾ ಹಾಡು. ಮಕ್ಕಳಿಗೆ ಕೋಲಾಟ, ದುಡಿಪಾಟ್ ಕಲಿಸಿಕೊಡಪ್ಪಾ’ ಎಂದರು. ಜಂಬದಲ್ಲಿ ಒಪ್ಪಿಕೊಂಡೆ. ಮದುವೆಮನೆಯಲ್ಲಿ ವಾಲಗಕ್ಕೆ ಕುಣಿಯುವುದು ಬಿಟ್ಟರೆ ನನ್ನ ಅನುಭವ ಸೊನ್ನೆ.

ರಾತ್ರಿ ಅಜ್ಜನ ಮುಂದೆ ಕುಳಿತೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲೇ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದಾರೆ. ಹಾಗಾಗಿ ಪದಗಳಿಗೆ ಪುಸ್ತಕವಿತ್ತು. ರಾಗ ಮಾತ್ರ ಅಜ್ಜನ ಗಂಟಲಿನಲ್ಲಿತ್ತು. ‘ಕೈ ಬಡೀತದೆ, ಬಾಯಿ ಸುಮ್ಮನಿದೆಯಲ್ಲಾ’ ಎಂದು ಅವರು ನಕ್ಕರು. ಕೊಡವ ಭಾಷೆ ಅಳಿವಿನ ಅಪಾಯದಲ್ಲಿದೆ ಎಂದು ಯುನೆಸ್ಕೊ ಪಟ್ಟಿ ಹೇಳುತ್ತದೆ. ಆ ಅಪಾಯ ನಾನೇ ಎಂದು ಅಂದು ಗೊತ್ತಾಯಿತು.

ಶಾಲೆಯಲ್ಲಿ ಇನ್ನೊಂದು ಅಚ್ಚರಿ. ನನ್ನ ಗುಂಪಿನ ಇಪ್ಪತ್ತು ಮಕ್ಕಳಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು ಇಬ್ಬರೇ. ಉಳಿದವರ ಮನೆಮಾತು ತಮಿಳು, ಮಲಯಾಳ, ಕನ್ನಡ, ಯರವ. ಹೆಚ್ಚಿನವರು ತೋಟದ ಲೈನ್‌ಮನೆಯವರು. ಕೋಲು ಹಿಡಿದು ಸುತ್ತು ತಿರುಗುವುದನ್ನು ಮೂರೇ ದಿನದಲ್ಲಿ ಕಲಿತರು. ದುಡಿ ಮಾತ್ರ ಯಾರ ಕೈಗೂ ಒಗ್ಗಲಿಲ್ಲ.

ನಾಲ್ಕನೇ ದಿನ, ಹಿಂದೆ ನಿಂತಿದ್ದ ಯರವರ ಹುಡುಗ ಮೆಲ್ಲಗೆ ದುಡಿ ಎತ್ತಿಕೊಂಡ. ಅವನ ಕಡ್ಡಿ ಚರ್ಮಕ್ಕೆ ತಾಗಿದ್ದೇ ತಡ, ಎಲ್ಲರೂ ಸುಮ್ಮನಾದರು. ನನಗಿಂತ ಎಷ್ಟೋ ಚೆನ್ನಾಗಿ ಬಾರಿಸಿದ!

‘ಎಲ್ಲಿ ಕಲಿತೆ?’

‘ನಮ್ಮಲ್ಲೂ ದುಡಿ ಉಂಟಣ್ಣಾ. ಅಜ್ಜ ಚೀನಿ ಊದ್ತಾರೆ.’

‘ಇಷ್ಟು ದಿನ ಯಾಕೋ ಹೇಳ್ಲಿಲ್ಲ?’

‘ಯಾರೂ ಕೇಳ್ಲಿಲ್ಲ.’

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಸ್ಟೆಲಿನಲ್ಲಿ ನಾನು ಕ್ಯೂಬಾದ ಸಂಗೀತದ ಹುಚ್ಚ. ಕ್ಲಾವೆ ಎಂಬ ಎರಡು ಮರದ ಕೋಲುಗಳ ಐದು ಪೆಟ್ಟಿನ ಮೇಲೆ ಅಲ್ಲಿನ ಎಷ್ಟೋ ಹಾಡುಗಳು ನಿಂತಿವೆ ಎಂದು ಗೆಳೆಯರಿಗೆ ಭಾಷಣ ಮಾಡಿದ್ದೇನೆ. ಹವಾನಾ, ಮತಾನ್ಸಾಸ್‌ನ ಬಡ ಕಪ್ಪು ಜನರ ಕೇರಿಗಳಲ್ಲಿ ಹುಟ್ಟಿದ ರುಂಬಾ 2016ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದ ಕಥೆಯೂ ನನಗೆ ಗೊತ್ತು. ಇದೇ ಶಾಲೆಯಲ್ಲಿ ಏಳು ವರ್ಷ ಯರವರ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದೆ. ಅವರ ಮನೆಯ ದುಡಿಯ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ.

ವಾರ್ಷಿಕೋತ್ಸವದ ದಿನ ಅಜ್ಜನೂ ಬಂದಿದ್ದರು. ಮೂರನೇ ಸಾಲಿನಲ್ಲಿ ನಾನು ಹಾಡು ಮರೆತೆ. ಮಕ್ಕಳ ಹೆಜ್ಜೆ ತಡವರಿಸಿತು. ಆ ಹುಡುಗ ಮಾತ್ರ ನನ್ನತ್ತ ನೋಡದೆ ದುಡಿ ಬಾರಿಸುತ್ತಲೇ ಇದ್ದ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸಾಲು ನೆನಪಾಯಿತು, ಕೋಲುಗಳು ಮತ್ತೆ ಕೂಡಿದವು.

‘ಹಾಡು ಬಿಟ್ಟವ ನೀನು, ಆಟ ಉಳಿಸಿದವ ಅವನು’ ಎಂದರು ಅಜ್ಜ, ಮನೆಗೆ ಹೋಗುವ ದಾರಿಯಲ್ಲಿ.

ಟೀಚರ್ ಹತ್ತಿರ ಮಾತಾಡಿದ್ದೇನೆ. ಮುಂದಿನ ವರ್ಷ ಯರವರ ಕುಣಿತ. ಕಲಿಸುವವರು ಆ ಹುಡುಗ ಮತ್ತು ಚೀನಿ ಊದುವ ಅವನ ಅಜ್ಜ. ನಾನು ಹಿಂದಿನ ಸಾಲಿನಲ್ಲಿ ನಿಂತು ಹೆಜ್ಜೆ ಹಾಕುತ್ತೇನೆ.