ಅಂಕಸಮುದ್ರದ ಮಕ್ಕಳಿಗೆ ಅಘನಾಶಿನಿಯ ಪಾಠ

ಡಿಸೆಂಬರ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಶಾಲೆಗಳಲ್ಲಿ ಪ್ರವಾಸದ ಮಾತು. ಕಡಲು ನೋಡುವ ಆಸೆಗೆ ಗೋಕರ್ಣ, ಮುರ್ಡೇಶ್ವರಕ್ಕೆ ಬಸ್ಸು ಹೊರಡುತ್ತದೆ. ಮಕ್ಕಳು ಅಲೆಯಲ್ಲಿ ಕಾಲು ನೆನೆಸಿಕೊಂಡು, ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಕಡಲಜೀವಿಗಳನ್ನು ಹತ್ತಿರದಿಂದ ನೋಡುವ ಜಾಗ ಗೋಕರ್ಣದ ಮಗ್ಗುಲಲ್ಲೇ ಇದೆ. ಅದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ, ಅಂದರೆ ಆ ಹೆಸರಿನ ನದಿ ಕಡಲು ಸೇರುವ ಜಾಗ.

ಈ ಅಳಿವೆಗೂ ನಮ್ಮ ಸೀಮೆಗೂ ನಂಟಿದೆ. 2024ರ ಜನವರಿ 31ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಐದು ಹೊಸ ರಾಮ್ಸರ್ ತಾಣಗಳಲ್ಲಿ (ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳಲ್ಲಿ) ಮೂರು ಕರ್ನಾಟಕದವು: ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಹಾಗಾಗಿ ಪಾಠವನ್ನು ಊರ ಪಕ್ಕದಲ್ಲೇ ಶುರುಮಾಡಬಹುದು. ಸುಮಾರು 99 ಹೆಕ್ಟೇರಿನ ಅಂಕಸಮುದ್ರ ಕೆರೆಯಲ್ಲಿ ನೀರೊಳಗೆ ನಿಂತ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲುಗಳ ಸಂಸಾರ. ಮಳೆಗೆ ತುಂಬಿ ಬೇಸಿಗೆಗೆ ಇಳಿಯುವ ಈ ನೀರಿನ ಏರಿಳಿತ ಅರಿಯಲು ವರ್ಷವಿಡೀ ಗಮನಿಸಬೇಕು. ಅಳಿವೆಯಲ್ಲಿ ಕಡಲಿನ ಉಬ್ಬರ, ಇಳಿತದಿಂದ ಅದೇ ಬದಲಾವಣೆ ಆರು ಗಂಟೆಯಲ್ಲಿ ಕಣ್ಣೆದುರೇ ನಡೆಯುತ್ತದೆ.

ಇಳಿತ ಶುರುವಾದಾಗ ದಡದಲ್ಲಿ ನಿಲ್ಲಬೇಕು. ನೀರು ಸರಿದಂತೆ ಕೆಸರು ಮೇಲೇಳುತ್ತದೆ. ಬಿಲಗಳಿಂದ ಪುಟ್ಟ ಏಡಿಗಳು ಹೊರಬರುತ್ತವೆ. ಗಂಡು ಏಡಿ ತನ್ನ ಒಂದೇ ದೊಡ್ಡ ಕೊಂಬನ್ನು ಎತ್ತಿ ಎತ್ತಿ ಹೆಣ್ಣನ್ನು ಕರೆಯುತ್ತದೆ. ಕೆಸರಮೀನು ರೆಕ್ಕೆಯೂರಿ ತೆವಳುತ್ತದೆ, ಜಿಗಿಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಜೋತುಬಿದ್ದದ್ದು ಕಾಯಲ್ಲ, ತಾಯಿಗಿಡದ ಮೇಲೆಯೇ ಮೊಳೆತ ಸಸಿ. ಉಪ್ಪುನೀರಿಗೆ ಬೀಳುವ ಮೊದಲೇ ಬೇರೂರಲು ಸಿದ್ಧವಾಗಿರುತ್ತದೆ.

ತುಂಗಭದ್ರೆಯ ಹಿನ್ನೀರು ಕಂಡು ಬೆಳೆದ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಲೇಬೇಕು. ಶಿರಸಿ ಕಡೆಯಿಂದ ಇಳಿದುಬರುವ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಘಟ್ಟದ ಸಿಹಿನೀರು, ಹೂಳು, ಎಲೆಗೊಳೆ ತಡೆಯಿಲ್ಲದೆ ಬಂದು ಉಬ್ಬರದ ಉಪ್ಪುನೀರಿನೊಡನೆ ಬೆರೆಯುತ್ತವೆ. ಬಳಚು ಎಂಬ ಚಿಪ್ಪುಜೀವಿ, ಸಿಗಡಿ, ಏಡಿಗಳಿಗೆಲ್ಲ ಆಧಾರ ಈ ಬೆರಕೆ ನೀರೇ. ಸುಮಾರು 4,800 ಹೆಕ್ಟೇರಿನ ಈ ತಾಣವನ್ನು ನಂಬಿ ಸಾವಿರಾರು ಕುಟುಂಬಗಳು ಬದುಕುತ್ತಿವೆ. ಅಳಿವೆಯಂಚಿನ ತಗ್ಗಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ.

ಅಧ್ಯಯನಕ್ಕೆಂದೇ ಹೋಗುವ ಶಿಕ್ಷಕರು ಬಸ್ಸು ಗೊತ್ತುಮಾಡುವ ಮೊದಲು ಪಂಚಾಂಗ ನೋಡಲಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಒಂದು ಮೀಟರ್ ಚೌಕದ ಹಗ್ಗ ಹಾಸಿ ಅದರೊಳಗಿನ ಜೀವಿಗಳನ್ನು ಎಣಿಸಿ ಬರೆದುಕೊಂಡರೆ ಸಾಕು, ಚಿಪ್ಪು ಆರಿಸಿ ಚೀಲಕ್ಕೆ ಹಾಕಿಕೊಳ್ಳುವುದು ಬೇಡ. ಇಳಿತದಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಯಾವ ಮಣ್ಣಿನಲ್ಲಿ ಯಾವ ಚಿಪ್ಪು ಎಂಬುದು ಕೈಗೇ ಗೊತ್ತು. ಅವರ ದುಡಿಮೆಯ ಹೊತ್ತನ್ನು ಸುಮ್ಮನೆ ಕೇಳಬಾರದು. ಅರ್ಧ ದಿನದ ಗಳಿಕೆಯನ್ನು ಪ್ರವಾಸದ ಖರ್ಚಿಗೇ ಸೇರಿಸಿ, ಮೊದಲೇ ಮಾತಾಡಿ, ಅವರಿಂದಲೇ ಪಾಠ ಮಾಡಿಸಬೇಕು.