ಉಷ್ಟ್ರಪಕ್ಷಿ ಮೊಟ್ಟೆಗೆ ಚನ್ನಪಟ್ಟಣದ ಕಾಲು

ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಮೊದಲೆಲ್ಲ ಅತ್ತರು, ಖರ್ಜೂರ, ಕಂಬಳಿ ಇರುತ್ತಿತ್ತು. ಈಗ ಕೆಲವು ಮನೆಗಳ ಶೋಕೇಸಿನಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯೂ ಕಾಣುತ್ತಿದೆ. ಅದನ್ನು ಹೊತ್ತು ನಿಂತ ಸ್ಟ್ಯಾಂಡ್ ನೋಡಿದರೆ ಆಫ್ರಿಕಾದ ಕಾಡೇ ಎದುರಿಗೆ ಬಂದ ಹಾಗೆ: ಸೊಂಡಿಲೆತ್ತಿದ ಮೂರು ಆನೆ, ಇಲ್ಲವೇ ಕತ್ತು ಬಾಗಿಸಿದ ಜಿರಾಫೆ. "ಉಸ್ತಾದ್, ಇದನ್ನ ಮನೆಯಲ್ಲಿ ಇಡಬಹುದಾ?" ಎಂದು ನಮ್ಮನ್ನು ಕೇಳುವವರಿದ್ದಾರೆ.

ಮೊಟ್ಟೆಯ ಬಗ್ಗೆ ತಕರಾರೇ ಇಲ್ಲ. ಸುಮಾರು ಒಂದೂವರೆ ಕಿಲೋ ತೂಗುವ ಈ ಮೊಟ್ಟೆ ಇಪ್ಪತ್ತಕ್ಕೂ ಹೆಚ್ಚು ಕೋಳಿಮೊಟ್ಟೆಗೆ ಸಮ. ಚಿಪ್ಪು ಎರಡು ಮಿಲಿಮೀಟರ್ ದಪ್ಪ. ತಳದಲ್ಲಿ ಸಣ್ಣ ತೂತು ಕೊರೆದು, ಒಳಗಿನದನ್ನು ತೆಗೆದು, ತೊಳೆದು ಒಣಗಿಸಿದರೆ ವರ್ಷಗಟ್ಟಲೆ ಉಳಿಯುತ್ತದೆ. ಸ್ವರ್ಗದ ವರ್ಣನೆಯಿರುವ ಸೂರಃ ಅಸ್ಸಾಫ್ಫಾತಿನಲ್ಲಿ ಜೋಪಾನವಾಗಿ ಮುಚ್ಚಿಟ್ಟ ಮೊಟ್ಟೆಯ ಹೋಲಿಕೆ ಬರುತ್ತದಲ್ಲ, ಅದು ರೆಕ್ಕೆಯ ಕೆಳಗಿನ ಉಷ್ಟ್ರಪಕ್ಷಿಯ ಮೊಟ್ಟೆಯೆಂದು ಹಲವು ಮುಫಸ್ಸಿರರು ಬರೆದಿದ್ದಾರೆ. ನಮ್ಮ ಶಾಫಿಈ ಕಿತಾಬುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಹ್ರಾಮಿನಲ್ಲಿರುವವರು ಕಾಡುಹಕ್ಕಿಯ ಕೆಟ್ಟುಹೋದ ಮೊಟ್ಟೆ ಒಡೆದರೆ ದಂಡವಿಲ್ಲ, ಉಷ್ಟ್ರಪಕ್ಷಿಯದ್ದಾದರೆ ಉಂಟು. ಯಾಕೆಂದರೆ ಒಳಗೆ ಕೆಟ್ಟರೂ ಚಿಪ್ಪಿಗೆ ಬೆಲೆಯಿದೆ! ಇಸ್ತಾಂಬುಲಿನ ಸುಲೈಮಾನಿಯಾ ಮಸೀದಿಯ ದೀಪಗಳ ನಡುವೆ ಇವೇ ಮೊಟ್ಟೆಗಳನ್ನು ತೂಗುಹಾಕುತ್ತಿದ್ದರು. ಜೇಡ ಬಲೆ ಕಟ್ಟುವುದಿಲ್ಲ ಅನ್ನುವ ನಂಬಿಕೆ.

ಬೇಸರದ ಸಂಗತಿಯೂ ಇದೆ. ಅರಬರ ನಾಡಿನ ಉಷ್ಟ್ರಪಕ್ಷಿ ಬಂದೂಕು, ಜೀಪು ಬಂದ ಮೇಲೆ ಇಪ್ಪತ್ತನೇ ಶತಮಾನದಲ್ಲೇ ನಿರ್ನಾಮವಾಯಿತು. ಈಗ ದುಬೈ ಅಂಗಡಿಯಲ್ಲಿ ಸಿಗುವುದು ಆಫ್ರಿಕಾ ತಳಿಯದ್ದು. ದಕ್ಷಿಣ ಆಫ್ರಿಕಾದ ಔಟ್ಸ್‌ಹೂರ್ನ್ ಸುತ್ತ ಇದನ್ನು ಫಾರಂಗಳಲ್ಲೇ ಸಾಕುತ್ತಾರೆ. ಉತ್ತರ ಆಫ್ರಿಕಾದ ಹಲವು ದೇಶಗಳ ಕಾಡು ಉಷ್ಟ್ರಪಕ್ಷಿ ಮಾತ್ರ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅದರ ವ್ಯಾಪಾರ ನಿಷಿದ್ಧ. ಆದ್ದರಿಂದ ಯಾವ ದೇಶದ್ದು, ಫಾರಂನದ್ದೋ ಎಂದು ಕೇಳಿ, ರಸೀದಿ ಇಟ್ಟುಕೊಳ್ಳಿ, ತರುವ ಮುಂಚೆ ಕಸ್ಟಮ್ಸ್ ನಿಯಮ ವಿಚಾರಿಸಿ. ದಂತದ ಸ್ಟ್ಯಾಂಡಂತೂ ಬೇಡವೇ ಬೇಡ. ಶ್ರೀರಂಗಪಟ್ಟಣದ ಗುಂಬಜ್ ಬಾಗಿಲಲ್ಲಿ ದಂತದ ಕುಸುರಿ ನೋಡಿದವರಿಗೆ ಆಸೆಯಾಗಬಹುದು, ಅದು ಆ ಕಾಲ, ಇಂದು ಅಪರಾಧ.

ಸ್ಟ್ಯಾಂಡಿನ ಆನೆ, ಜಿರಾಫೆಗಳ ವಿಷಯವೇ ಬೇರೆ. ಜೀವಿಗಳ ಪೂರ್ಣ ಆಕಾರದ ಮೂರ್ತಿ ಮನೆಯಲ್ಲಿಡುವುದನ್ನು ನಮ್ಮ ಉಲಮಾಗಳು ಒಪ್ಪುವುದಿಲ್ಲ. ಹಾಗಂತ ಮೊಟ್ಟೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ, ಸ್ಟ್ಯಾಂಡ್ ಬದಲಿಸಿದರೆ ಸಾಕು. ಅದಕ್ಕೆ ಕರಾಮಾಕ್ಕೋ ದೇರಾಕ್ಕೋ ಹೋಗಬೇಕಾ? ಮಂಡ್ಯ ಜಿಲ್ಲೆ ದಾಟಿದ ಕೂಡಲೇ ಚನ್ನಪಟ್ಟಣ ಇದೆಯಲ್ಲ!

ಅಲ್ಲಿಯ ಕೈಗಳಿಗೆ ಈ ಕೆಲಸ ಎಷ್ಟರದ್ದು! ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ದುಂಡಗೆ ಕಡೆದು, ತಿರುಗುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು. ಟಿಪ್ಪು ಸುಲ್ತಾನರು ಪರ್ಶಿಯಾದಿಂದ ಕುಶಲಿಗಳನ್ನು ಕರೆಸಿದರು ಎಂದು ಅಲ್ಲಿಯವರು ಹೇಳುತ್ತಾರೆ. ಲೇತಿನ ಮುಂದೆ ಕೂತವರಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ, ಹೆಂಗಸರೂ ಸೇರಿ. ಜಿರಾಫೆಯ ಮೈಯ ಹಳದಿ-ಕಂದು, ಜೀಬ್ರಾದ ಕಪ್ಪು-ಬಿಳಿ ಪಟ್ಟೆ ಕೇಳಿದರೆ, ಪ್ರಾಣಿಯ ಆಕಾರವಿಲ್ಲದೇ ಬರೀ ಬಣ್ಣದಲ್ಲಿ ಆಫ್ರಿಕಾ ಬಂತಲ್ಲ.

ಈಗ ಅವರಿಗೆ ಗಿರಾಕಿ ಬೇಕು. 2023ರ ಮಾರ್ಚ್ 12ರಂದು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಸ್ತೆ ಒಳ್ಳೆಯದೇ, ಮಂಗಳೂರಿನಿಂದ ಹೋಗುವ ನಮಗೂ ಅನುಕೂಲ. ಆದರೆ ಕಾರುಗಳು ಚನ್ನಪಟ್ಟಣ, ಮದ್ದೂರು, ಮಂಡ್ಯ ಊರೊಳಗೆ ಇಳಿಯದೇ ಮೇಲೆಯೇ ಓಡುತ್ತವೆ. ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೂ ವಡೆ ಹೋಟೆಲುಗಳಿಗೂ ಪೆಟ್ಟು ಬಿತ್ತು. ಬೆಂಗಳೂರಿನಿಂದ ಮಳವಳ್ಳಿ ಹಾದು ಶಿವನಸಮುದ್ರಕ್ಕೆ ಹೋಗುವ ಕೆಲವು ಕುಟುಂಬಗಳು ಮದ್ದೂರಿನಲ್ಲಿ ತಿರುಗುತ್ತವೆ. ಅವರು ಸ್ವಲ್ಪ ಮುಂಚೆ ಇಳಿದು ಚನ್ನಪಟ್ಟಣದ ಹಳೇ ರಸ್ತೆ ಹಿಡಿದರೆ ಆಯಿತು.

ಹೋಗುವಾಗ ಮೊಟ್ಟೆಯನ್ನೇ ಹೊತ್ತೊಯ್ಯಬೇಡಿ, ಒಡೆದೀತು. ಅಗಲವಾದ ಭಾಗದ ಸುತ್ತಳತೆಯನ್ನು ನೂಲಿನಲ್ಲಿ ಅಳೆದು ಕೊಡಿ. ಉಂಗುರದಂಥ ಬಾಯಿ, ಕೆಳಗೆ ಮೂರು ಕಾಲು, ಒಳಗೆ ಮೆತ್ತನೆಯ ಬಟ್ಟೆ ಅಂತ ಹೇಳಿ. ಬಾಯಿ ಸುತ್ತಳತೆಗಿಂತ ತುಸು ಚಿಕ್ಕದಿರಬೇಕು, ಇಲ್ಲದಿದ್ದರೆ ಮೊಟ್ಟೆ ಒಳಗೆ ಜಾರುತ್ತದೆ.