ಮನೆಯ ನೆಲನಕ್ಷೆಯ ಮರುವಿನ್ಯಾಸ

ನೆಲನಕ್ಷೆಯ ಮರುವಿನ್ಯಾಸ ಎಂದರೆ ಈಗಾಗಲೇ ಕಟ್ಟಿರುವ ಮನೆಯ ಕೋಣೆಗಳ ಸ್ಥಾನ, ಅಳತೆ, ಬಳಕೆ ಹಾಗೂ ಅವುಗಳ ನಡುವಿನ ಓಡಾಟದ ದಾರಿಗಳನ್ನು ನವೀಕರಣದ ಸಂದರ್ಭದಲ್ಲಿ ಪುನಃ ಪರಿಶೀಲಿಸಿ ಬದಲಿಸುವ ಕಾರ್ಯ. ಬಣ್ಣ ಬಳಿಯುವುದು, ನೆಲಹಾಸು ಬದಲಿಸುವುದು ಮೊದಲಾದ ಮೇಲ್ಮೈ ಕೆಲಸಗಳು ಮನೆಯ ರಚನೆಯನ್ನು ಮುಟ್ಟುವುದಿಲ್ಲ. ನೆಲನಕ್ಷೆಯ ಬದಲಾವಣೆಯಾದರೋ ಗೋಡೆ, ಬಾಗಿಲು, ಕೊಳವೆ ಮತ್ತು ಮೇಲ್ಛಾವಣಿಯ ಭಾರ ಇವೆಲ್ಲಕ್ಕೂ ಸಂಬಂಧಿಸಿದೆ. ಕುಟುಂಬದ ಸದಸ್ಯರ ಸಂಖ್ಯೆಯಲ್ಲಿ ವ್ಯತ್ಯಾಸ, ಹಿರಿಯರ ವಯೋಸಹಜ ಅಗತ್ಯಗಳು, ಮನೆಯಿಂದಲೇ ಉದ್ಯೋಗ, ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವ ಉದ್ದೇಶ ಮುಂತಾದವು ಇದಕ್ಕೆ ಸಾಮಾನ್ಯ ಕಾರಣಗಳು.

ಹಿನ್ನೆಲೆ

ಕಲ್ಲು, ಮಣ್ಣು ಅಥವಾ ಇಟ್ಟಿಗೆಯ ಗೋಡೆಗಳೇ ಛಾವಣಿಯನ್ನು ಹೊತ್ತಿದ್ದ ಕಾಲದಲ್ಲಿ ಮೇಲಿನ ಅಂತಸ್ತಿನ ಗೋಡೆಗಳು ಕೆಳಗಿನ ಗೋಡೆಗಳ ಮೇಲೆಯೇ ನಿಲ್ಲಬೇಕಾಗಿತ್ತು. ಆದ್ದರಿಂದ ಕೋಣೆಗಳ ವಿನ್ಯಾಸವನ್ನು ಇಷ್ಟಬಂದಂತೆ ಬದಲಿಸುವುದು ಸಾಧ್ಯವಿರಲಿಲ್ಲ. ಕಬ್ಬಿಣದ ಸರಳುಗಳನ್ನು ಒಳಗೊಂಡ ಕಾಂಕ್ರೀಟಿನ ಕಂಬ ಮತ್ತು ತೊಲೆಗಳ ಚೌಕಟ್ಟು ಬಳಕೆಗೆ ಬಂದ ಮೇಲೆ ಗೋಡೆಗಳು ಭಾರ ಹೊರುವ ಹೊಣೆಯಿಂದ ಬಿಡುಗಡೆಗೊಂಡವು. ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ 1914ರಲ್ಲಿ ರೂಪಿಸಿದ ‘ಡೊಮಿನೊ’ ಮನೆಯ ಕಲ್ಪನೆ ಮತ್ತು 1920ರ ದಶಕದಲ್ಲಿ ಪ್ರತಿಪಾದಿಸಿದ ‘ಮುಕ್ತ ನೆಲನಕ್ಷೆ’ಯ ತತ್ತ್ವ ಈ ಬದಲಾವಣೆಯನ್ನು ಸ್ಪಷ್ಟವಾಗಿ ನಿರೂಪಿಸಿದವು. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗಳಿಗಾಗಿ ರೂಪಿಸಿದ ಅಡುಗೆಮನೆಯು, ಕೆಲಸ ಮಾಡುವವರ ಹೆಜ್ಜೆಗಳನ್ನು ಗಮನಿಸಿ ಕೋಣೆಯ ಅಳತೆಯನ್ನು ನಿರ್ಧರಿಸುವ ಕ್ರಮಕ್ಕೆ ಪ್ರಸಿದ್ಧ ಉದಾಹರಣೆಯಾಗಿದೆ.

ಕರ್ನಾಟಕದ ಹಳೆಯ ಮನೆಗಳು

ಮಲೆನಾಡು ಮತ್ತು ಹಳೆಯ ಮೈಸೂರು ಪ್ರಾಂತ್ಯದ ತೊಟ್ಟಿಮನೆಗಳಲ್ಲಿ ಜಗಲಿ, ಪಡಸಾಲೆ, ನಡುಮನೆ, ದೇವರಮನೆ, ಅಡುಗೆಮನೆ, ಬಚ್ಚಲು ಮತ್ತು ಹಿತ್ತಿಲುಗಳು ತೆರೆದ ತೊಟ್ಟಿಯ ಸುತ್ತ ಹೊಂದಿಕೊಂಡಿರುತ್ತವೆ. ಮನೆಯ ಒಳಭಾಗಕ್ಕೆ ಬೆಳಕು, ಗಾಳಿ ಬರುವುದೂ ಬಿಸಿಗಾಳಿ ಮೇಲೇರಿ ಹೊರಹೋಗುವುದೂ ಈ ತೊಟ್ಟಿಯ ಮೂಲಕವೇ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಛಾವಣಿಯ ಬೆಳಕಿಂಡಿ ಮಾಡುತ್ತದೆ. ಅಂತಹ ಅನೇಕ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಮರದ ಕಂಬ, ತೊಲೆ ಮತ್ತು ಜಂತೆಗಳು ಹೊರುತ್ತವೆ.

ನವೀಕರಣದ ವೇಳೆ ತೊಟ್ಟಿಗೆ ಕಾಂಕ್ರೀಟ್ ಛಾವಣಿ ಹಾಕಿ ಅದನ್ನು ಹಜಾರವನ್ನಾಗಿ ಮಾಡುವ ರೂಢಿ ವ್ಯಾಪಕವಾಗಿದೆ. ಇದರಿಂದ ಜಾಗ ದೊರೆಯುತ್ತದೆಯಾದರೂ ಸುತ್ತಲಿನ ಕೋಣೆಗಳು ಹಗಲಿನಲ್ಲಿಯೂ ಕತ್ತಲೆಯಾಗುತ್ತವೆ. ಅಡುಗೆಮನೆಯ ಹೊಗೆ ಮತ್ತು ಬಚ್ಚಲಿನ ತೇವ ಹೊರಹೋಗಲು ದಾರಿಯಿಲ್ಲದೆ ಮರದ ಜಂತೆಗಳಿಗೆ ಹಾನಿಯಾಗುವ ಸಂಭವವಿದೆ. ತೊಟ್ಟಿಯ ಮೇಲೆ ಎತ್ತರಿಸಿದ ಗಾಜಿನ ಛಾವಣಿಯನ್ನು ಕೂರಿಸಿ, ಅದರ ನಾಲ್ಕು ಪಕ್ಕಗಳಲ್ಲಿ ಗಾಳಿಯಾಡಲು ಜಾಲರಿಯ ಕಿಂಡಿಗಳನ್ನು ಉಳಿಸುವುದು ಇದಕ್ಕೆ ಒಂದು ಪರಿಹಾರ. ಗಾಳಿಕಿಂಡಿಯಿಲ್ಲದೆ ಗಾಜನ್ನು ಮಾತ್ರ ಹೊದಿಸಿದರೆ ಬೇಸಗೆಯಲ್ಲಿ ಒಳಗಿನ ಸೆಖೆ ಹೆಚ್ಚುತ್ತದೆ.

ಗೋಡೆಗಳ ಪರಿಶೀಲನೆ

ಯಾವುದೇ ಗೋಡೆಯನ್ನು ತೆಗೆಯುವ ಮುನ್ನ ಅದು ಭಾರ ಹೊರುವ ಗೋಡೆಯೋ ಕೇವಲ ಅಡ್ಡಗೋಡೆಯೋ ಎಂಬುದನ್ನು ನಿರ್ಧರಿಸುವುದು ಅತ್ಯಗತ್ಯ. ಇಟ್ಟಿಗೆಯ ಕಟ್ಟಡಗಳಲ್ಲಿ ಭಾರ ಹೊರುವ ಗೋಡೆಗಳು ಸಾಮಾನ್ಯವಾಗಿ 230 ಮಿಲಿಮೀಟರ್ (9 ಅಂಗುಲ), ಅಡ್ಡಗೋಡೆಗಳು 115 ಮಿಲಿಮೀಟರ್ (4.5 ಅಂಗುಲ) ದಪ್ಪವಿರುತ್ತವೆ. ಆದರೆ ದಪ್ಪವೊಂದನ್ನೇ ನಂಬುವಂತಿಲ್ಲ. ಕಾಲಾನಂತರದಲ್ಲಿ ಸೇರಿಸಿದ ಅಟ್ಟ, ಮಹಡಿ ಅಥವಾ ನೀರಿನ ತೊಟ್ಟಿಯ ಭಾರ ತೆಳುವಾದ ಗೋಡೆಯ ಮೇಲೂ ಬಿದ್ದಿರಬಹುದು. ಜಂತೆಗಳ ತುದಿ ಯಾವ ಗೋಡೆಯ ಮೇಲೆ ಕುಳಿತಿದೆ, ಮೇಲಂತಸ್ತಿನಲ್ಲಿ ಅದೇ ನೇರದಲ್ಲಿ ಗೋಡೆಯಿದೆಯೇ, ಗೋಡೆಯ ಕೆಳಗೆ ತಳಪಾಯವಿದೆಯೇ ಎಂಬ ಮೂರು ಸಂಗತಿಗಳನ್ನು ರಚನಾ ಎಂಜಿನಿಯರ್ ಸ್ಥಳದಲ್ಲಿಯೇ ಪರೀಕ್ಷಿಸಬೇಕಾಗುತ್ತದೆ.

ಭಾರ ಹೊರುವ ಗೋಡೆಯಲ್ಲಿ ಅಗಲವಾದ ದ್ವಾರವನ್ನು ತೆರೆಯಬೇಕಾದಾಗ ಮೊದಲು ಛಾವಣಿಗೆ ತಾತ್ಕಾಲಿಕ ಆಧಾರಗಳನ್ನು ಕೊಡಲಾಗುತ್ತದೆ. ಅನಂತರ ಲೆಕ್ಕಹಾಕಿದ ಅಳತೆಯ ಉಕ್ಕಿನ ಅಥವಾ ಕಾಂಕ್ರೀಟಿನ ತೊಲೆಯನ್ನು ಕೂರಿಸಿ, ಅದು ಭಾರವನ್ನು ವಹಿಸಿಕೊಂಡ ಬಳಿಕವೇ ಕೆಳಗಿನ ಗೋಡೆಯನ್ನು ಬಿಡಿಸಲಾಗುತ್ತದೆ. ಈ ಕ್ರಮ ತಪ್ಪಿದರೆ ಛಾವಣಿ ಬಿರುಕು ಬಿಡಬಹುದು ಅಥವಾ ಕುಸಿಯಬಹುದು. ಗೋಡೆ ಒಡೆಯುತ್ತಿರುವ ಕಾರ್ಮಿಕರೇ ಅದಕ್ಕೆ ಮೊದಲು ಬಲಿಯಾಗುವರು.

ಕಾಂಕ್ರೀಟ್ ಚೌಕಟ್ಟಿನ ಮನೆಗಳಲ್ಲಿ ಅಡ್ಡಗೋಡೆಗಳನ್ನು ತೆಗೆಯುವುದು ಸುಲಭವಾದರೂ ಹೊಸ ಗೋಡೆಯನ್ನು ಸೇರಿಸುವಾಗ ಎಚ್ಚರಿಕೆ ಬೇಕು. 115 ಮಿಲಿಮೀಟರ್ ದಪ್ಪ, 3 ಮೀಟರ್ ಎತ್ತರದ ಇಟ್ಟಿಗೆ ಗೋಡೆಯು ಗಾರೆಯೂ ಸೇರಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 800 ಕಿಲೋಗ್ರಾಂ ತೂಗುತ್ತದೆ. ಮಹಡಿಯಲ್ಲಿ, ಕೆಳಗೆ ತೊಲೆಯಿಲ್ಲದ ಕಡೆ ಇಂತಹ ಗೋಡೆಯನ್ನು ಕಟ್ಟುವ ಬದಲು ಮರ, ಜಿಪ್ಸಮ್ ಹಲಗೆ ಮುಂತಾದ ಹಗುರ ಸಾಮಗ್ರಿಗಳನ್ನು ಬಳಸಲಾಗುತ್ತದೆ. ಕಂಬ ಮತ್ತು ತೊಲೆಗಳನ್ನು ಕೊರೆದು ಕೊಳವೆ ಸಾಗಿಸುವುದು ಅಪಾಯಕರ.

ನೀರು ಮತ್ತು ಕೊಳವೆಗಳು

ಅಡುಗೆಮನೆ, ಸ್ನಾನದ ಮನೆ ಮತ್ತು ಶೌಚಾಲಯಗಳ ಸ್ಥಳಾಂತರವು ನೆಲನಕ್ಷೆಯ ಬದಲಾವಣೆಗಳಲ್ಲಿ ಹೆಚ್ಚು ಖರ್ಚಿನದು. ಮಲಿನ ನೀರು ಇಳಿಜಾರನ್ನು ಅವಲಂಬಿಸಿ ಹರಿಯುವುದೇ ಇದಕ್ಕೆ ಕಾರಣ. 40ಕ್ಕೆ 1ರ ಇಳಿಜಾರಿನಲ್ಲಿ ಕೊಳವೆಯನ್ನು 4 ಮೀಟರ್ ದೂರ ಸಾಗಿಸಬೇಕಾದರೆ ಅದರ ತುದಿ 100 ಮಿಲಿಮೀಟರ್ ಕೆಳಗಿಳಿಯಬೇಕು. ನೆಲದ ಮಟ್ಟದಲ್ಲಿ ಇದು ಸಾಧ್ಯವಾದರೂ ಮಹಡಿಯಲ್ಲಿ ನೆಲವನ್ನು ಎತ್ತರಿಸದೆ ಕಷ್ಟ. ಆದಕಾರಣ ನೀರಿನ ಬಳಕೆಯ ಕೋಣೆಗಳನ್ನು ಹಳೆಯ ಕೊಳವೆಗಳ ಸಮೀಪದಲ್ಲಿಯೇ ಉಳಿಸಿ, ಉಳಿದ ಕೋಣೆಗಳ ಬಳಕೆಯನ್ನು ಅವುಗಳಿಗೆ ಹೊಂದಿಸುವುದು ಮಿತವ್ಯಯದ ಮಾರ್ಗ.

ಅಳತೆ, ಗಾಳಿ ಮತ್ತು ಬೆಳಕು

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ (2016) ಪ್ರಕಾರ ಮನೆಯಲ್ಲಿ ಒಂದೇ ವಾಸದ ಕೋಣೆಯಿದ್ದರೆ ಅದರ ವಿಸ್ತೀರ್ಣ ಕನಿಷ್ಠ 9.5 ಚದರ ಮೀಟರ್, ಅಗಲ ಕನಿಷ್ಠ 2.4 ಮೀಟರ್ ಇರಬೇಕು. ಎರಡು ಕೋಣೆಗಳಿದ್ದಲ್ಲಿ ಎರಡನೆಯದು 7.5 ಚದರ ಮೀಟರಿಗಿಂತ ಕಡಿಮೆಯಿರಬಾರದು. ಪ್ರತ್ಯೇಕ ಊಟದ ಕೋಣೆಯಿರುವ ಮನೆಯ ಅಡುಗೆಮನೆಗೆ ಕನಿಷ್ಠ 5 ಚದರ ಮೀಟರ್, ಶೌಚಾಲಯ ಸಹಿತವಾದ ಸ್ನಾನದ ಮನೆಗೆ ಕನಿಷ್ಠ 2.8 ಚದರ ಮೀಟರ್ ನಿಗದಿಯಾಗಿದೆ. ಕಿಟಕಿ ಮೊದಲಾದ ತೆರಪುಗಳ ವಿಸ್ತೀರ್ಣವು ಕೋಣೆಯ ನೆಲದ ವಿಸ್ತೀರ್ಣದಲ್ಲಿ ಒಣ ಉಷ್ಣ ಹವೆಯ ಪ್ರದೇಶಗಳಲ್ಲಿ ಹತ್ತನೆಯ ಒಂದು ಭಾಗ, ತೇವಭರಿತ ಉಷ್ಣ ಹವೆಯ ಪ್ರದೇಶಗಳಲ್ಲಿ ಆರನೆಯ ಒಂದು ಭಾಗ ಇರಬೇಕೆಂದು ಸಂಹಿತೆ ಸೂಚಿಸುತ್ತದೆ. ದೊಡ್ಡ ಕೋಣೆಯೊಂದನ್ನು ಎರಡಾಗಿ ವಿಭಜಿಸುವಾಗ ಒಂದು ಭಾಗಕ್ಕೆ ಕಿಟಕಿಯೇ ಇಲ್ಲದಂತಾಗುವುದು ಸಾಮಾನ್ಯವಾಗಿ ಕಂಡುಬರುವ ದೋಷ.

ಹಿರಿಯರ ಅಗತ್ಯಗಳು

ಮನೆ ಕಟ್ಟಿದ ಕಾಲದಲ್ಲಿ ಮಧ್ಯವಯಸ್ಕರಾಗಿದ್ದವರು ನವೀಕರಣದ ಹೊತ್ತಿಗೆ ವೃದ್ಧರಾಗಿರುವುದುಂಟು. ಮಹಡಿಯ ಮೇಲಿನ ಮಲಗುವ ಕೋಣೆ, ಹಿತ್ತಿಲಿನ ಶೌಚಾಲಯ, ಎತ್ತರದ ಹೊಸ್ತಿಲು ಇವು ಅವರ ಓಡಾಟವನ್ನು ಕುಂಠಿತಗೊಳಿಸುತ್ತವೆ. ಗಾಲಿಕುರ್ಚಿ ಸಾಗಲು ಬಾಗಿಲಿನ ತೆರಪು 900 ಮಿಲಿಮೀಟರ್, ಅದು ತಿರುಗಲು 1,500 ಮಿಲಿಮೀಟರ್ ವ್ಯಾಸದ ಜಾಗ ಬೇಕು. ಇಳಿಜಾರು ದಾರಿಯ ಪ್ರಮಾಣ 12ಕ್ಕೆ 1 ಇರುವುದರಿಂದ 450 ಮಿಲಿಮೀಟರ್ ಎತ್ತರದ ಪಾಯದ ಮನೆಗೆ 5.4 ಮೀಟರ್ ಉದ್ದದ ದಾರಿ ಬೇಕಾಗುತ್ತದೆ.

ಕರ್ನಾಟಕದ ನಗರಗಳಲ್ಲಿ ಸಾಮಾನ್ಯವಾದ 30×40 ಅಡಿಯ ನಿವೇಶನದಲ್ಲಿ ಇಷ್ಟು ಉದ್ದದ ದಾರಿಗೆ ಮನೆಯ ಮುಂಭಾಗದಲ್ಲಿ ನೇರವಾದ ಜಾಗ ದೊರೆಯುವುದು ಅಪರೂಪ. ಪಕ್ಕದಲ್ಲಿ ಬಿಟ್ಟ ಜಾಗವನ್ನು ಬಳಸಿಕೊಳ್ಳುವ ಸಾಧ್ಯತೆಯನ್ನು ನೋಡಬೇಕಾಗುತ್ತದೆ. ಒಳಗೆ ಹಜಾರದ ಪಕ್ಕದ ಕೋಣೆಯನ್ನು ಹಿರಿಯರ ಮಲಗುವ ಕೋಣೆಯನ್ನಾಗಿ ಮಾಡಿ, ಅದಕ್ಕೆ ತಾಗಿರುವ ಸ್ನಾನದ ಮನೆಗೆ ಕೋಣೆಯೊಳಗಿಂದಲೇ ಬಾಗಿಲು ತೆರೆದರೆ ಅನೇಕ ವೇಳೆ ಬೇರೆ ಗೋಡೆ ಕೆಡವುವ ಅಗತ್ಯವೇ ಬರುವುದಿಲ್ಲ. ಸ್ನಾನದ ಮನೆಯ ಬಾಗಿಲು ಹೊರಕ್ಕೆ ತೆರೆಯುವಂತಿರುವುದು ಉಚಿತ. ಒಳಗೆ ಬಿದ್ದವರನ್ನು ಎತ್ತಿ ತರಲು ಒಳಕ್ಕೆ ತೆರೆಯುವ ಬಾಗಿಲು ಅಡ್ಡಿಯಾಗುತ್ತದೆ.

ಕೆಲಸದ ಕ್ರಮ

ಮೊದಲಿಗೆ ಇರುವ ಮನೆಯನ್ನು ಅಳೆದು ಗೋಡೆ, ಕಿಟಕಿ, ಕೊಳವೆ ಮತ್ತು ವಿದ್ಯುತ್ ತಂತಿಗಳನ್ನು ಗುರುತಿಸಿದ ನಕ್ಷೆಯನ್ನು ಸಿದ್ಧಪಡಿಸಲಾಗುತ್ತದೆ. ಮನೆಮಂದಿಯ ದಿನಚರಿ, ವಿಶೇಷವಾಗಿ ಅಡುಗೆ ಮಾಡುವವರ ಮತ್ತು ಹಿರಿಯರ ಓಡಾಟ, ಅದರ ಮೇಲೆ ದಾಖಲಾಗುತ್ತದೆ. ಬಳಿಕ ಮೂರು ಹಂತಗಳಲ್ಲಿ ಪರಿಹಾರವನ್ನು ಹುಡುಕುವುದು ವಾಡಿಕೆ: ಕೋಣೆಗಳ ಬಳಕೆಯನ್ನಷ್ಟೇ ಅದಲುಬದಲು ಮಾಡುವುದು, ಅದು ಸಾಲದಿದ್ದರೆ ಬಾಗಿಲು, ಕಿಟಕಿಗಳ ಸ್ಥಾನವನ್ನು ಬದಲಿಸುವುದು, ಕೊನೆಯದಾಗಿ ಗೋಡೆಗಳನ್ನು ತೆಗೆಯುವುದು ಅಥವಾ ಕಟ್ಟುವುದು. ಹೊಸ ವಿನ್ಯಾಸವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಮಂಚ, ಕಪಾಟುಗಳ ಜಾಗವನ್ನು ಗುರುತಿಸಿ, ಅದರಲ್ಲಿ ನಡೆದು ನೋಡಿದರೆ ಕಾಗದದಲ್ಲಿ ಕಾಣದ ಇಕ್ಕಟ್ಟುಗಳು ತಿಳಿಯುತ್ತವೆ.

ಅನೇಕ ಕುಟುಂಬಗಳು ವಾಸ್ತು ನಂಬಿಕೆಯಂತೆ ಅಡುಗೆಮನೆಯನ್ನು ಆಗ್ನೇಯಕ್ಕೂ ದೇವರಮನೆಯನ್ನು ಈಶಾನ್ಯಕ್ಕೂ ಬದಲಿಸಲು ಇಚ್ಛಿಸುತ್ತವೆ. ಈ ಬದಲಾವಣೆಗೂ ಮೇಲೆ ಹೇಳಿದ ಗೋಡೆ ಮತ್ತು ಕೊಳವೆಗಳ ಪರಿಶೀಲನೆ ಅನ್ವಯಿಸುತ್ತದೆ.

ಕಾನೂನು

ಕಟ್ಟಡದ ರಚನೆ, ಎತ್ತರ ಅಥವಾ ವಿಸ್ತೀರ್ಣವನ್ನು ಬದಲಿಸುವ ಕೆಲಸಗಳಿಗೆ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ಅನುಮತಿ ಬೇಕಾಗುತ್ತದೆ. ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಒಬ್ಬರ ಗೋಡೆ ಇನ್ನೊಬ್ಬರ ನೆಲಕ್ಕೂ ಛಾವಣಿಗೂ ಸಂಬಂಧಿಸಿರುತ್ತದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ವಸತಿಯ ಮಾಲೀಕರು ಕೈಗೊಳ್ಳುವುದನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ನಿರ್ಬಂಧಿಸುತ್ತದೆ. ಬದಲಾವಣೆಗಳು ಮುಗಿದ ಬಳಿಕ ಸಿದ್ಧಪಡಿಸಿದ ಪರಿಷ್ಕೃತ ನಕ್ಷೆಯನ್ನು, ಹೊಸ ತೊಲೆ ಮತ್ತು ಕೊಳವೆಗಳ ವಿವರಗಳೊಂದಿಗೆ, ಮನೆಯ ಪತ್ರಗಳ ಜೊತೆ ಇಟ್ಟರೆ ಮುಂದಿನ ದುರಸ್ತಿಯನ್ನು ಕೈಗೊಳ್ಳುವವರಿಗೆ ಅದು ಮಾರ್ಗದರ್ಶಕವಾಗುತ್ತದೆ.